ಸೂರ್ಯನಿಗೆ ಕ್ಯೂ, ಚಂದ್ರನಿಗೆ ಚಕ್ಕರ್!

ಸಂಕ್ರಾಂತಿ ಸಂಜೆ ಬೆಂಗಳೂರಿನ ಗವಿಪುರದ ಕಡೆ ಬಸ್ ಹತ್ತಿದವರಿಗೆ ಗೊತ್ತು, ಗವಿ ಗಂಗಾಧರೇಶ್ವರನ ಗುಡಿ ಮುಂದೆ ಕಾಲಿಡೋಕೆ ಜಾಗವಿರುವುದಿಲ್ಲ. ಬಿಸಿಲು ನಂದಿಯ ಕೊಂಬಿನ ನಡುವೆ ತೂರಿ, ಗುಹೆಯೊಳಗಿನ ಲಿಂಗ ಮುಟ್ಟಿ, ಕೆಲವೇ ನಿಮಿಷದಲ್ಲಿ ಜಾರಿಹೋಗುತ್ತದೆ. ಜನ ಕೈಮುಗಿದು ಎಳ್ಳು ಬೀರೋಕೆ ಮನೆಗೆ ಓಡುತ್ತಾರೆ. ಅಂಗಳದ ಎರಡು ಕಲ್ಲಿನ ಚಕ್ರಗಳನ್ನು ತಲೆಯೆತ್ತಿ ನೋಡುವವರು ಎಷ್ಟು ಮಂದಿ?

ಒಂದು ಸೂರ್ಯಪಾನ, ಇನ್ನೊಂದು ಚಂದ್ರಪಾನ. ಕಂಬದ ಮೇಲೆ ಎದುರುಬದುರು ನಿಂತ, ಸುಮಾರು ಆರೂವರೆ ಅಡಿ ಅಗಲದ ಬಿಲ್ಲೆಗಳು. ಜತೆಗೆ ಕಲ್ಲಿನದೇ ತ್ರಿಶೂಲ, ಡಮರು. ಎಲ್ಲವೂ ಟಿಕೆಟ್ಟಿಲ್ಲದ ಪ್ರದರ್ಶನ!

ಅಂಗಡಿ ಗೋಡೆಯ ಕ್ಯಾಲೆಂಡರ್ ಓಡುವುದೂ ಈ ಎರಡು ಚಕ್ರದ ಮೇಲೇ. ಸಂಕ್ರಾಂತಿ ಸೂರ್ಯನ ಲೆಕ್ಕ. ಜನವರಿ 14 ಇಲ್ಲವೆ 15, ಅಲ್ಲಾಡುವುದಿಲ್ಲ. ಗಣೇಶನ ಹಬ್ಬ ಚಂದ್ರನ ಲೆಕ್ಕ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. 12 ಸುತ್ತಿಗೆ 354. ವರ್ಷಕ್ಕೆ 11 ದಿನ ಸಾಲ! ಸಾಲ ಬೆಳೆದು ತಿಂಗಳಾದಾಗ ಅಧಿಕಮಾಸ ಕೊಟ್ಟು ಚುಕ್ತಾ. 2022ರಲ್ಲಿ ಆಗಸ್ಟ್ 31ಕ್ಕೆ ಬಂದ ಗಣೇಶ, 2023ರಲ್ಲಿ ಸೆಪ್ಟೆಂಬರ್ 18ಕ್ಕೆ ಜಾರಿದ್ದು ಇದರಿಂದಲೇ. ಹೂವು ಹಣ್ಣಿನವರಿಗೆ ಈ ಪಾಠ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ತಮಾಷೆ. ಅದೇ ಬಿಸಿಲು ನವೆಂಬರ್ ಕೊನೆಯಲ್ಲೂ ಗುಹೆಯೊಳಕ್ಕೆ ಬರುತ್ತದೆ. ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿ ಮುಟ್ಟಿ ವಾಪಸಾಗುವ ಸೂರ್ಯ, ಹೋಗುವಾಗೊಮ್ಮೆ ಬರುವಾಗೊಮ್ಮೆ ಅದೇ ಜಾಗದಲ್ಲಿ ಮುಳುಗಬೇಕಲ್ಲ! ಸಂಶೋಧಕರು ಅಳೆದು ಬರೆದೂ ಇಟ್ಟಿದ್ದಾರೆ. ಆದರೆ ಆಗ ಸಂಕ್ರಾಂತಿಯ ನೂಕುನುಗ್ಗಲು ಎಲ್ಲಿ?

ತಮಾಷೆಯಲ್ಲದ ಮಾತೂ ಇದೆ. 18ನೇ ಶತಮಾನದ ಕೊನೆಯಲ್ಲಿ ಡೇನಿಯಲ್ ಎಂಬ ಇಂಗ್ಲಿಷ್ ಚಿತ್ರಗಾರರು ಬಿಡಿಸಿದ ಚಿತ್ರ ನೋಡಿದರೆ, ಗುಡಿಯಲ್ಲಿ ಈಗಿರುವಷ್ಟು ಕಟ್ಟಡವೇ ಇರಲಿಲ್ಲ. ಸುತ್ತಲ ಊರಂತೂ ಕೇಳುವುದೇ ಬೇಡ. ಗುಡಿ ರಾಜ್ಯದ ಸಂರಕ್ಷಿತ ಸ್ಮಾರಕ, ಕಲ್ಲಿಗೆ ಕಾಯ್ದೆಯ ಕಾವಲುಂಟು. ಬಿಸಿಲು ಬರುವ ದಾರಿಗೆ ಕಾವಲು ಯಾರು? ನೈಋತ್ಯಕ್ಕೆ ಅಡ್ಡಲಾಗಿ ಎತ್ತರದ ಒಂದೇ ಒಂದು ಮಹಡಿ ಎದ್ದರೂ ಸಾಕು, ಕತೆ ಮುಗೀತು. ಆಮೇಲೆ ಸಂಕ್ರಾಂತಿಗೆ ಬಂದವರಿಗೆ ಟ್ಯೂಬ್ ಲೈಟ್ ಹಾಕಿ ತೋರಿಸುವುದೇ?

ನಕ್ಷೆ ಮಂಜೂರು ಮಾಡುವವರು ರಸ್ತೆ ಅಗಲ ಅಳೆಯುತ್ತಾರೆ. ಇಲ್ಲಿ ಜನವರಿಯ ಇಳಿಬಿಸಿಲನ್ನೂ ಅಳೆದು ರುಜು ಹಾಕಲಿ. ಚಂದ್ರಪಾನದ ಬುಡದಲ್ಲಿ, ಬಸ್ಸಿಗೆ ಅವಸರದಲ್ಲಿ ಹೊರಟವನೂ ಓದುವಂಥ ದಪ್ಪಕ್ಷರದ ಕನ್ನಡ ಬೋರ್ಡು ಇರಲಿ. ತಗಡು, ಬಣ್ಣ, ಒಂದು ದಿನದ ಕೂಲಿ. ಅಷ್ಟೇ ಖರ್ಚು.