ದೂರವಾಣಿಯ ಬಂಧನ

ಪೋಲೀಸರೆಂದು ಹೇಳಿಕೊಂಡು, ದೂರವಾಣಿಯ ಮೂಲಕವೇ ಜನರನ್ನು ‘ಬಂಧಿಸಿ’, ಅವರ ಜೀವಮಾನದ ಗಳಿಕೆಯನ್ನು ಅಪಹರಿಸುವ ವಂಚಕರ ಹಾವಳಿಯು ದೇಶದಲ್ಲೆಲ್ಲಾ ಹಬ್ಬಿರುವುದನ್ನು ವಾಚಕರು ಬಲ್ಲರು. ‘ಡಿಜಿಟಲ್ ಅರೆಸ್ಟ್’ ಎಂಬ ಈ ಬಂಧನವು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲವೆಂದು ಪ್ರಧಾನ ಮಂತ್ರಿಗಳೇ 2024ನೆಯ ಅಕ್ಟೋಬರ್ 27ರಂದು ಆಕಾಶವಾಣಿಯಲ್ಲಿ ಸಾರಿದರು. ಹೀಗಿದ್ದರೂ ಮೋಸಹೋಗುವವರ ಸಾಲು ಮುಗಿದಿಲ್ಲ. ನಿವೃತ್ತ ಅಧಿಕಾರಿಗಳೂ, ಉಪಾಧ್ಯಾಯರೂ, ವೈದ್ಯರೂ ಆ ಸಾಲಿನಲ್ಲಿದ್ದಾರೆ. ಓದು ಬಲ್ಲವರೇ ಹೀಗೆ ಬಲಿಬೀಳುವುದೇಕೆಂದು ವಿಚಾರಿಸುವುದು ಅವಶ್ಯವು.

ವಂಚಕರ ಕ್ರಮವು ಬಹುಮಟ್ಟಿಗೆ ಒಂದೇ. ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಸಂಖ್ಯೆಯಿಂದ ತೆರೆದ ಖಾತೆಯಲ್ಲಿ ಕಳ್ಳಹಣ ಹರಿದಿದೆ ಎಂದು ಮೊದಲು ಬೆದರಿಕೆ ಬರುತ್ತದೆ. ಅನಂತರ ವಿಡಿಯೋ ಕರೆಯಲ್ಲಿ ಸಮವಸ್ತ್ರಧಾರಿಯೊಬ್ಬನ ದರ್ಶನವಾಗುತ್ತದೆ. ಮೊಹರು ಬಿದ್ದ ವಾರಂಟೂ ಬರುತ್ತದೆ. ಬಾಗಿಲು ಹಾಕಿಕೊಳ್ಳಿರಿ, ಮನೆಯವರೊಡನೆಯೂ ಮಾತನಾಡಕೂಡದು ಎಂದು ಅಪ್ಪಣೆಯಾಗುತ್ತದೆ. ಕೊನೆಗೆ, ‘ಪರಿಶೀಲನೆಗಾಗಿ’ ಹಣವನ್ನೆಲ್ಲ ಅವರು ಹೇಳಿದ ಖಾತೆಗೆ ಕಳುಹಿಸತಕ್ಕದ್ದು!

ಇಲ್ಲಿ ವಂಚಕನ ಬಂಡವಾಳವು ವಿಜ್ಞಾನವಲ್ಲ, ನಮ್ಮ ಭಯ. ಹೆದರುವವರ ಮೇಲೆ ಹಾವೆಸೆದಂತೆ ಅವನು ಅಧಿಕಾರದ ಹೆಸರನ್ನು ಎಸೆಯುತ್ತಾನೆ. ಪರರಾಜ್ಯದ ಕಾಲದಲ್ಲಿ ಪೋಲೀಸನನ್ನು ಕಂಡರೆ ನಡುಗುವುದನ್ನು ನಾವು ಕಲಿತೆವು. 1947ರಲ್ಲಿ ರಾಜ್ಯವು ನಮ್ಮದಾಯಿತು. ಆ ನಡುಕವು ಮಾತ್ರ ಬಿಟ್ಟುಹೋಗಲಿಲ್ಲ. ಸಂವಿಧಾನದ 22ನೆಯ ವಿಧಿಯಂತೆ, ಬಂಧಿತನಿಗೆ ಕಾರಣವನ್ನು ತಿಳಿಸಬೇಕು, ತನಗೆ ಬೇಕಾದ ವಕೀಲನನ್ನು ಕಾಣಲು ಬಿಡಬೇಕು, ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಎದುರಿಗೆ ನಿಲ್ಲಿಸಬೇಕು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಬಂಧನದ ಸುದ್ದಿಯನ್ನು ಬಂಧುಮಿತ್ರರಿಗೆ ಮುಟ್ಟಿಸಬೇಕೆಂದು ವಿಧಿಸುತ್ತದೆ. ಕಾನೂನು ‘ನಿನ್ನವರಿಗೆ ತಿಳಿಸು’ ಎನ್ನುತ್ತದೆ. ಕಳ್ಳನು ‘ಯಾರಿಗೂ ತಿಳಿಸಬೇಡ’ ಎನ್ನುತ್ತಾನೆ. ಇವರಿಬ್ಬರನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಉಳಿದ ಮೋಸಗಳಲ್ಲಿಯೂ ಅವಸರವೇ ಗುರುತು. ಈ ರಾತ್ರಿಯೇ ವಿದ್ಯುತ್ತು ನಿಲ್ಲುವುದೆಂಬ ಸಂದೇಶ, ಖಾತೆ ಮುಚ್ಚುವುದೆಂಬ ಈಮೇಲು, ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಆ್ಯಪು, ಇವೆಲ್ಲವೂ ಯೋಚಿಸಲು ವೇಳೆ ಕೊಡದಿರುವ ಉಪಾಯಗಳೇ. ಅಂತಹ ಕೊಂಡಿಯನ್ನು ಒತ್ತದೆ, ಪಾಸ್‌ಬುಕ್ಕಿನಲ್ಲಿಯೋ ಬಿಲ್ಲಿನಲ್ಲಿಯೋ ಅಚ್ಚಾದ ಸಂಖ್ಯೆಗೆ ತಾವೇ ಕರೆಮಾಡಿ ವಿಚಾರಿಸುವುದು ಕ್ಷೇಮ. ಯು.ಪಿ.ಐ. ಗುಪ್ತಸಂಖ್ಯೆಯು ಹಣ ಕೊಡುವುದಕ್ಕೆ ಬೇಕೇ ಹೊರತು ಪಡೆಯುವುದಕ್ಕೆ ಬೇಡವೆಂಬುದನ್ನು ಮನೆಯ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ತಿಳಿದಿರಬೇಕು.

ಹೊಣೆಯೆಲ್ಲವನ್ನೂ ಪ್ರಜೆಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಅಂಬಾಲಾದ ವೃದ್ಧ ದಂಪತಿಗಳನ್ನು ಸುಪ್ರೀಂ ಕೋರ್ಟಿನದೇ ಹೆಸರಿನ ಕೃತ್ರಿಮ ಆಜ್ಞೆಗಳಿಂದ ವಂಚಿಸಿದ ಮೇಲೆ, 2025ನೆಯ ಅಕ್ಟೋಬರಿನಲ್ಲಿ ಆ ನ್ಯಾಯಾಲಯವು ತಾನಾಗಿಯೇ ವಿಚಾರಣೆಗೆ ತೊಡಗಿ, ಡಿಸೆಂಬರ್ 1ರಂದು ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ಇದು ಸ್ವಾಗತಾರ್ಹವೇ ಸರಿ. ಆದರೆ ಕಚೇರಿಗೆ ಬಂದ ರೈತನನ್ನು ಗದರಿಸುವ ಪ್ರತಿಯೊಬ್ಬ ಅಧಿಕಾರಿಯೂ ವಂಚಕನ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದಾನೆಂಬುದನ್ನು ನಮ್ಮ ಅಧಿಕಾರಿವರ್ಗವು ಮನಗಾಣಬೇಕು. ಪ್ರಶ್ನೆ ಕೇಳಿದ ನಾಗರಿಕನಿಗೆ ಸೌಜನ್ಯದಿಂದ ಉತ್ತರ ದೊರೆಯುವ ನಾಡಿನಲ್ಲಿ ಗದರಿಕೆಯ ಧ್ವನಿಯೇ ಸಂಶಯಕ್ಕೆ ಎಡೆಕೊಡುವುದು. ಬ್ಯಾಂಕಿನ ಗುಮಾಸ್ತರು ಕೂಡ, ಮುದುಕರೊಬ್ಬರು ಗಾಬರಿಯಿಂದ ಠೇವಣಿಯನ್ನು ಮುರಿಯಲು ಬಂದರೆ, ಒಂದು ಮಾತು ವಿಚಾರಿಸುವುದು ಅವರ ಧರ್ಮ.

ಹಣ ಹೋದವರು ನಾಚಿ ಸುಮ್ಮನಿರತಕ್ಕದ್ದಲ್ಲ. ಕೂಡಲೇ 1930 ಎಂಬ ಸಂಖ್ಯೆಗೆ ದೂರುಕೊಟ್ಟರೆ, ಹಣವು ಖಾತೆಯಿಂದ ಖಾತೆಗೆ ಜಾರುವ ಮೊದಲೇ ಅದನ್ನು ತಡೆಹಿಡಿಯುವ ಸಂಭವವಿದೆ. ತಡವಾದಷ್ಟೂ ಆ ಆಸೆಯು ಕ್ಷೀಣವು. ಈ ಸಂಖ್ಯೆಯನ್ನು ಕನ್ನಡಿಗರು ಮರೆಯಬೇಕಾದುದಿಲ್ಲ. ಅಂಕೋಲೆಯ ಜನರು ಸರಕಾರದ ಲಾಠಿಗೆ ಅಂಜದೆ ಉಪ್ಪಿನ ಕಾನೂನನ್ನು ಮುರಿದ ವರ್ಷವೂ 1930. ನಿಜವಾದ ಅಧಿಕಾರಕ್ಕೇ ಅಂಜದವರ ಮಕ್ಕಳು ಸುಳ್ಳು ಅಧಿಕಾರಕ್ಕೆ ಅಂಜುವುದು ತರವಲ್ಲ.