ಎಳೆಯ ದನಿಯೂ ಬಲಿತ ದನಿಯೂ

ಹಳೆಯ ವಿದ್ಯಾರ್ಥಿನಿಯರ ಕೂಟವು ನೆರೆದಿದ್ದ ಒಂದು ಸಾಯಂಕಾಲ ಒಬ್ಬ ತಾಯಿಯವರು ನಮ್ಮ ಬಳಿಗೆ ಬಂದು, "ನನ್ನ ಮಗಳು ಮೊದಲು ಕೀಬೋರ್ಡಿನ ಮೇಲೆ ಎಷ್ಟು ಲವಲವಿಕೆಯ ಮಟ್ಟುಗಳನ್ನು ನುಡಿಸುತ್ತಿದ್ದಳು! ಮನೆಗೆ ಬಂದವರೆಲ್ಲರೂ ಕೇಳಿ ತಲೆದೂಗುತ್ತಿದ್ದರು. ಈಗ ಕೋಣೆಯ ಬಾಗಿಲನ್ನು ಮುಚ್ಚಿಕೊಂಡು, ತಾನೇ ಕಟ್ಟಿದ ಏನೋ ಒಂದು ನಿಧಾನವಾದ ಮಂಕು ಮಟ್ಟನ್ನು ನುಡಿಸುತ್ತಿರುತ್ತಾಳೆ. ಇದು ಏಳಿಗೆಯೋ ಇಳಿತವೋ, ನೀವೇ ಹೇಳಬೇಕು" ಎಂದು ಕೇಳಿದರು. ಆ ಹೊತ್ತಿಗೆ ನಮಗೆ ತಕ್ಕ ಉತ್ತರವು ತೋಚಲಿಲ್ಲ. ಮನೆಗೆ ಹಿಂದಿರುಗಿ ಆಲೋಚಿಸಿದಾಗ, ಇಂಗ್ಲೆಂಡಿನ ಡೆಪೆಶ್ ಮೋಡ್ ಎಂಬ ಮೇಳದ ಚರಿತ್ರೆಯಲ್ಲಿ ಆ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರವುಂಟೆಂದು ನಮಗೆ ಕಂಡುಬಂದಿತು. ಅದನ್ನು ಈ ಸಂಚಿಕೆಯ ವಾಚಕರ ಮುಂದೆ ಇಡುವುದು ಅಪ್ರಸ್ತುತವಾಗಲಾರದೆಂದು ನಂಬುತ್ತೇವೆ.

ಲಂಡನ್ನಿಗೆ ಪೂರ್ವದಲ್ಲಿ ಎಸೆಕ್ಸ್ ಪ್ರಾಂತದಲ್ಲಿ ಬ್ಯಾಸಿಲ್ಡನ್ ಎಂಬ ಊರು ಇದೆ. ಮಹಾಯುದ್ಧದ ತರುವಾಯ ಲಂಡನ್ನಿನ ಜನರಿಗೆ ವಸತಿಯನ್ನು ಒದಗಿಸುವ ಸಲುವಾಗಿ 1949ರಲ್ಲಿ ಗೊತ್ತುಮಾಡಲ್ಪಟ್ಟ ಹೊಸ ಪಟ್ಟಣವದು. ಅಲ್ಲಿನ ಸಾಮಾನ್ಯ ಕುಟುಂಬಗಳ ನಾಲ್ವರು ಹುಡುಗರು, ಅಂದರೆ ವಿನ್ಸ್ ಕ್ಲಾರ್ಕ್, ಮಾರ್ಟಿನ್ ಗೋರ್, ಆಂಡ್ರೂ ಫ್ಲೆಚರ್, ಡೇವ್ ಗಾಹನ್ ಎಂಬವರು, 1980ರಲ್ಲಿ ಕೂಡಿ ಈ ಮೇಳವನ್ನು ಕಟ್ಟಿದರು. ಗೋರನು ಬ್ಯಾಂಕಿನಲ್ಲಿಯೂ ಫ್ಲೆಚರನು ವಿಮಾ ಕಚೇರಿಯಲ್ಲಿಯೂ ಗುಮಾಸ್ತರಾಗಿದ್ದರು. ಅವರ ವಾದ್ಯವು ಸಿಂಥಸೈಜರ್. ಇದರಲ್ಲಿ ತಂತಿಯಿಲ್ಲ, ತಿದಿಯಿಲ್ಲ. ವಿದ್ಯುತ್ತಿನ ಅಲೆಗಳೇ ಸ್ವರವಾಗಿ ಹೊರಡುತ್ತವೆ, ಗುಂಡಿಗಳನ್ನು ತಿರುಗಿಸಿದಂತೆ ಆ ಸ್ವರದ ಬಣ್ಣವು ಬದಲಾಗುತ್ತದೆ. ಈ ವಾದ್ಯವನ್ನೇ ಮುಂದಿಟ್ಟುಕೊಂಡು ಹಾಡುವ ಸುಲಭ ಹಾಡುಗಳಿಗೆ ಸಿಂಥ್-ಪಾಪ್ ಎಂದು ಹೆಸರು.

ಅವರ ಮೊದಲನೆಯ ಆಲ್ಬಂ 1981ರಲ್ಲಿ ಹೊರಬಂದಿತು. ಮಕ್ಕಳಿಗೆ ಅಕ್ಷರಗಳ ಜೋಡಣೆಯನ್ನು ಕಲಿಸುವ ಒಂದು ಮಾತಾಡುವ ಆಟಿಕೆಯ ಹೆಸರನ್ನೇ ನೆನಪಿಸುವಂತೆ ಅದಕ್ಕೆ 'ಸ್ಪೀಕ್ ಆ್ಯಂಡ್ ಸ್ಪೆಲ್' ಎಂದು ಹೆಸರಿಟ್ಟರು. ಹನ್ನೊಂದು ಹಾಡುಗಳಲ್ಲಿ ಎರಡನ್ನು ಬಿಟ್ಟು ಮಿಕ್ಕವೆಲ್ಲವನ್ನೂ ಕ್ಲಾರ್ಕನೇ ಬರೆದಿದ್ದನು. ಅವುಗಳಲ್ಲೊಂದಾದ 'ಜಸ್ಟ್ ಕಾಂಟ್ ಗೆಟ್ ಎನಫ್' ಎಂಬುದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೆ ಏರಿತು. ಮಟ್ಟು ಸರಳ, ನಡಿಗೆ ಚುರುಕು, ಕೇಳಿದವರ ಕಾಲು ತಾನಾಗಿಯೇ ತಾಳ ಹಾಕುವಂಥದು. ವಿದ್ವಾಂಸರು ಇದನ್ನು ಬಾಲಿಶವೆಂದು ಹಳಿದರು. ನಾವಾದರೋ ಹಾಗೆ ಹಳಿಯಲಾರೆವು. ಇಪ್ಪತ್ತು ವಯಸ್ಸಿನವರು ಇಪ್ಪತ್ತು ವಯಸ್ಸಿನವರಂತೆ ಹಾಡಿದರೆ ಅದರಲ್ಲಿ ತಪ್ಪೇನು? ಕಪಟವಿಲ್ಲದ ಉಲ್ಲಾಸವು ಹಾಡಿನ ಒಂದು ಗುಣವೇ ಹೊರತು ದೋಷವಲ್ಲ.

ಆದರೆ ಆ ವರುಷದ ಕೊನೆಯಲ್ಲಿಯೇ ಕ್ಲಾರ್ಕನು ಮೇಳವನ್ನು ಬಿಟ್ಟು ಹೋದನು. ಹಾಡು ಬರೆಯುವವನೇ ಹೋದ ಮೇಲೆ ಮೇಳವು ಉಳಿಯುವುದೆಂತು? ಆಗ ಆ ಭಾರವು ಇಪ್ಪತ್ತು ವಯಸ್ಸಿನ ಗೋರನ ಹೆಗಲ ಮೇಲೆ ಬಿದ್ದಿತು. 1982ರ ಎರಡನೆಯ ಸಂಪುಟದ ಹಾಡುಗಳೆಲ್ಲವೂ ಅವನವೇ. ಅದನ್ನು ಈಗ ಕೇಳಿದರೆ, ಕೆಲವು ಹಾಡುಗಳು ಹೋದ ಗೆಳೆಯನ ಉಲ್ಲಾಸವನ್ನು ಅನುಕರಿಸಲು ಹೆಣಗುವುದೂ, ಬೇರೆ ಕೆಲವು ತಮ್ಮದೇ ಆದ ನೆರಳನ್ನು ಹುಡುಕುವುದೂ ನಮಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಒಡೆದು ಬಲಿಯುತ್ತಿರುವ ಹರೆಯದ ಕಂಠದಂತೆ ಅದು ಅಲ್ಲಲ್ಲಿ ತಡವರಿಸುತ್ತದೆ. ಹಾಗೆ ತಡವರಿಸಿದುದಕ್ಕಾಗಿ ಯಾರಾದರೂ ಅವನನ್ನು ಸುಮ್ಮನಾಗಿಸಿದ್ದರೆ ಮುಂದಿನದೊಂದೂ ಹುಟ್ಟುತ್ತಿರಲಿಲ್ಲ. ಹೊಣೆಯು ಮೈಮೇಲೆ ಬಿದ್ದಾಗಲೇ ದನಿಯು ಬಲಿಯಲಾರಂಭಿಸುತ್ತದೆ ಎಂಬುದು ನಾವು ಇಲ್ಲಿ ಕಲಿಯುವ ಮೊದಲನೆಯ ಪಾಠ.

ಅದೇ 1982ರಲ್ಲಿ ಪಿಯಾನೋ ಶಿಕ್ಷಣವನ್ನು ಕ್ರಮವಾಗಿ ಪಡೆದಿದ್ದ ಆಲನ್ ವೈಲ್ಡರ್ ಎಂಬವನು, ಪತ್ರಿಕೆಯ ಜಾಹೀರಾತನ್ನು ನೋಡಿ ಬಂದು ಮೇಳವನ್ನು ಸೇರಿದನು. ಆ ಹೊತ್ತಿಗೆ ಸ್ಯಾಂಪ್ಲರ್ ಎಂಬ ಹೊಸ ಯಂತ್ರವು ಬಳಕೆಗೆ ಬರುತ್ತಲಿತ್ತು. ಲೋಕದ ಯಾವ ಸದ್ದನ್ನಾದರೂ ಹಿಡಿದಿಟ್ಟುಕೊಂಡು, ಅದನ್ನೇ ಮೆಟ್ಟುಗಳ ಮೇಲೆ ಸ್ವರವಾಗಿ ನುಡಿಸಲು ಅನುಕೂಲಿಸುವ ಸಾಧನವದು. ಇವರು ವಾದ್ಯದಂಗಡಿಗೆ ಹೋಗುವುದಕ್ಕೆ ಬದಲಾಗಿ ಊರೊಳಗಿನ ಪಾಳುಜಾಗಗಳಿಗೆ ಹೋಗಿ, ತಗಡನ್ನೂ ಕಬ್ಬಿಣದ ಕೊಳವೆಯನ್ನೂ ಬಡಿದು, ಆ ಸದ್ದುಗಳನ್ನು ಹಿಡಿದು ತಂದರು. 1983ರ ಸಂಪುಟವು ಹೀಗೆ ಹುಟ್ಟಿತು. ಅದರೊಳಗಿನ ಹಾಡುಗಳು ಹುಡುಗಾಟದ ಒಲವನ್ನು ದಾಟಿ ವ್ಯಾಪಾರದ ದುರಾಸೆ, ದುಡಿಮೆ ಮುಂತಾದ ವಿಷಯಗಳಿಗೆ ಕೈ ಚಾಚಿದವು. 1986ರಲ್ಲಿ 'ಸ್ಟ್ರಿಪ್ಡ್' ಎಂಬ ಹಾಡಿಗಾಗಿ ಮೋಟಾರ್ ಸೈಕಲ್ಲಿನ ಎಂಜಿನ್ನಿನ ಸದ್ದನ್ನು ನಿಧಾನಗೊಳಿಸಿ ಅದನ್ನೇ ತಾಳವನ್ನಾಗಿ ಮಾಡಿದರು. ನಾವು ದಿನವೂ ಕೇಳಿಯೂ ಕೇಳದೆ ಹೋಗುವ ಸದ್ದುಗಳನ್ನು ಅವರು ಕಿವಿಗೊಟ್ಟು ಕೇಳಿದರು. ಕಿವಿಯು ಬೆಳೆಯದೆ ದನಿಯು ಬೆಳೆಯಲಾರದು. ಇದು ಎರಡನೆಯ ಪಾಠ.

ಇಷ್ಟರಲ್ಲಿ ಹಳೆಯ ಅಭಿಮಾನಿಗಳಲ್ಲಿ ಕೆಲವರು, ಮೊದಲಿನ ನಗುಮೊಗವು ಎಲ್ಲಿ ಹೋಯಿತೆಂದು ಗೊಣಗಿದರು. ನಮ್ಮಲ್ಲಿಯೂ ಹೀಗೆ ಹೇಳುವವರುಂಟು. ಅವರ ದುಃಖವನ್ನು ನಾವು ಅರಿಯೆವೆಂದಲ್ಲ. ಆದರೆ ವಾದ್ಯವು ಬದಲಾಗಲಿಲ್ಲವೆಂಬುದನ್ನು ಅವರು ಗಮನಿಸಬೇಕು. ಯಂತ್ರವನ್ನು ಬಿಸುಟು ಹಳೆಯ ಪಿಟೀಲನ್ನು ಹಿಡಿದುದರಿಂದ ಇವರು ಪ್ರೌಢರಾದವರಲ್ಲ. ಅದೇ ಯಂತ್ರದಿಂದ ಹೆಚ್ಚಿನದನ್ನು ಬೇಡಿದುದರಿಂದ ಪ್ರೌಢರಾದರು. ನಮ್ಮ ಶಾಲೆಗಳ ಹಾರ್ಮೋನಿಯಮ್ಮನ್ನೇ ನೋಡಿರಿ. ಸರಳೆ ವರಿಸೆಯನ್ನು ತಡಕುವ ಮಗುವಿನ ಬೆರಳಿಗೂ, ಹಾಡುವವರ ಉಸಿರನ್ನು ಅರಿತು ಹಿಂಬಾಲಿಸುವ ನುರಿತ ಬೆರಳಿಗೂ ಒದಗುವುದು ಅದೇ ಪೆಟ್ಟಿಗೆಯಷ್ಟೆ.

ಹಾರ್ಮೋನಿಯಮ್ಮಿನ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಈ ಮೇಳದ ಅತ್ಯಂತ ಪ್ರಸಿದ್ಧವಾದ 'ಎಂಜಾಯ್ ದ ಸೈಲೆನ್ಸ್' ಎಂಬ ಹಾಡನ್ನು ಗೋರನು ಮೊದಲು ಹಾರ್ಮೋನಿಯಮ್ ಶ್ರುತಿಯೊಡನೆ ಬಹು ನಿಧಾನವಾದ ಗೀತವನ್ನಾಗಿ ರಚಿಸಿ ತಂದಿದ್ದನು. ವೈಲ್ಡರನೂ, ಧ್ವನಿಮುದ್ರಣದ ಮೇಲ್ವಿಚಾರಕನಾಗಿದ್ದ ಫ್ಲಡ್ ಎಂಬವನೂ ಅದರ ನಡಿಗೆಯನ್ನು ಚುರುಕುಗೊಳಿಸಬೇಕೆಂದು ಸಲಹೆಯಿತ್ತರು. ಮೌನವನ್ನು ಕುರಿತ ಹಾಡಿಗೆ ಕುಣಿತದ ತಾಳವು ಹೊಂದುವುದೆಂತು ಎಂದು ಗೋರನಿಗೆ ಮೊದಲು ಇದು ಒಪ್ಪಿಗೆಯಾಗಲಿಲ್ಲ. ಆದರೂ ಪ್ರಯೋಗಿಸಿ ನೋಡಲು ಸಮ್ಮತಿಸಿದನು. ತಾನೇ ಗಿಟಾರನ್ನು ಹಿಡಿದು ಅದಕ್ಕೊಂದು ಎಳೆಯನ್ನು ಕೂಡಿಸಿದನು. 1990ರಲ್ಲಿ ಹೊರಟ ಆ ಹಾಡು ಬ್ರಿಟನ್ನಿನಲ್ಲಿ 6ನೆಯ ಸ್ಥಾನವನ್ನೂ ಅಮೇರಿಕದಲ್ಲಿ 8ನೆಯ ಸ್ಥಾನವನ್ನೂ ಪಡೆಯಿತು. 1991ರಲ್ಲಿ ಬ್ರಿಟ್ ಪಾರಿತೋಷಕವನ್ನೂ ಗಳಿಸಿತು. ನಿಧಾನವಾದುದೆಲ್ಲ ಪ್ರೌಢವೆಂದೂ ಚುರುಕಾದುದೆಲ್ಲ ಎಳಸೆಂದೂ ಎಣಿಸುವವರು ಇದನ್ನು ಮನನ ಮಾಡಬೇಕು. 1981ರ ಚುರುಕು ನಡಿಗೆಯೇ ಇಲ್ಲಿ ಮರಳಿ ಬಂದಿತು. ಆದರೆ ಈ ಸಲ ಅದು ಒಂದು ಗಂಭೀರವಾದ ಭಾವವನ್ನು ಹೊತ್ತುಕೊಂಡು ನಡೆಯಿತು. ಗೆಳೆಯರ ತಿದ್ದುಪಾಟನ್ನು ಸಹಿಸಿ ಸ್ವೀಕರಿಸಿದ ಆ ಮನಸ್ಸನ್ನೇ ನಾವು ನಿಜವಾದ ಪಕ್ವತೆಯೆಂದು ಕರೆಯುತ್ತೇವೆ.

ಇಷ್ಟೆಲ್ಲಕ್ಕೂ ಒಬ್ಬ ಹಿರಿಯನ ತಾಳ್ಮೆಯು ಬೆನ್ನಿಗಿದ್ದಿತು. ಇವರ ಹಾಡುಗಳನ್ನು ಪ್ರಕಟಿಸಿದ ಮ್ಯೂಟ್ ಸಂಸ್ಥೆಯ ಡೇನಿಯಲ್ ಮಿಲ್ಲರ್ ಎಂಬವರು ಬಹುಕಾಲದವರೆಗೆ ಇವರೊಡನೆ ಬರೆದ ಕರಾರನ್ನೇ ಮಾಡಿಕೊಂಡಿರಲಿಲ್ಲ. ಬಾಯಿಮಾತಿನ ವಿಶ್ವಾಸವೇ ಸಾಕಾಗಿದ್ದಿತು. ಕ್ಲಾರ್ಕನು ಹೋದ ಮೇಲೂ ಅವರು ಹುಡುಗರ ಕೈ ಬಿಡಲಿಲ್ಲ. 1981ರ ಹಾಡಿನ ಅಚ್ಚಿಗೇ ಅವರನ್ನು ಕಟ್ಟಿಹಾಕಲೂ ಇಲ್ಲ. 1981ರಿಂದ 1990ರವರೆಗೆ ಏಳು ಸಂಪುಟಗಳು ಹೊರಬಂದವು. ಅವುಗಳನ್ನು ಕ್ರಮವಾಗಿ ಕೇಳುವವರಿಗೆ, ಮಗುವು ವರುಷಕ್ಕೊಂದು ಬೆರಳಿನಷ್ಟು ಬೆಳೆದಂತೆ ದನಿಯು ಬೆಳೆದುದು ತಿಳಿಯುತ್ತದೆ. 1988ರ ಜೂನ್ 18ರಂದು ಕ್ಯಾಲಿಫೋರ್ನಿಯಾದ ಪಸಡೀನಾ ಪಟ್ಟಣದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಅರುವತ್ತು ಸಾವಿರಕ್ಕೂ ಮಿಕ್ಕ ಜನರು ಇವರ ಹಾಡನ್ನು ಕೇಳಲು ನೆರೆದಿದ್ದರು. ಆದರೆ ಆ ದಿನವನ್ನು ಮುಟ್ಟಲು ಏಳು ವರುಷಗಳ ಕಾಲ ಯಾರೋ ಒಬ್ಬರು ಕಾಯಬೇಕಾಯಿತು.

ಇನ್ನು ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಇರಲಾಗದು. ಹಾಡು ಬಲಿತ ಮಾತ್ರಕ್ಕೆ ಬಾಳು ಬಲಿಯಿತೆಂದು ತಿಳಿಯಬಾರದು. 1993ರ ಸಂಪುಟವು ಬ್ರಿಟನ್, ಅಮೇರಿಕ ಎರಡೂ ದೇಶಗಳಲ್ಲಿ ಪ್ರಥಮ ಸ್ಥಾನವನ್ನು ಪಡೆದ ಕಾಲದಲ್ಲಿಯೇ ಹಾಡುಗಾರನಾದ ಗಾಹನನು ಮಾದಕ ವಸ್ತುಗಳಿಗೆ ದಾಸನಾಗಿದ್ದನು. 1995ರಲ್ಲಿ ವೈಲ್ಡರನು ಮೇಳವನ್ನು ಬಿಟ್ಟನು. 1996ರಲ್ಲಿ ಗಾಹನನು ಲಾಸ್ ಏಂಜಲಿಸಿನಲ್ಲಿ ಮರಣದ ಬಾಗಿಲನ್ನು ಮುಟ್ಟಿ ಹಿಂದಿರುಗಿದನು. ತರುವಾಯ ಆ ಚಟವನ್ನು ತೊರೆದು ಮರಳಿ ಹಾಡಲು ನಿಂತನು. ಕತ್ತಲನ್ನು ಕುರಿತು ಹಾಡುವುದು ಬೇರೆ, ಕತ್ತಲಲ್ಲಿ ಬೀಳುವುದು ಬೇರೆ. ಲಕ್ಷಗಟ್ಟಲೆ ಜನರು ಅವನ ದನಿಯನ್ನು ಮೆಚ್ಚುತ್ತಿದ್ದರು. ಮನುಷ್ಯನ ಯೋಗಕ್ಷೇಮವನ್ನು ವಿಚಾರಿಸಬೇಕೆಂಬುದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ಮನೆಯವರಿಗಾದರೋ ಆ ಬಗೆಯುಂಟು.

ಆದುದರಿಂದ ಆ ತಾಯಿಯವರಿಗೆ ನಾವು ಈಗ ಉತ್ತರವನ್ನು ಹೇಳಬಲ್ಲೆವು. ಅಮ್ಮನವರೇ, ನಿಮ್ಮ ಮಗಳಿಂದ ಹಳೆಯ ಮಟ್ಟನ್ನೇ ಬೇಡಬೇಡಿರಿ. ಅತಿಥಿಗಳನ್ನು ರಂಜಿಸುವ ಕೆಲಸವನ್ನು ಅವಳು ಸಾಕಷ್ಟು ಮಾಡಿದ್ದಾಳೆ. ಈಗ ತನ್ನ ದನಿಯನ್ನು ಹುಡುಕುತ್ತಿದ್ದಾಳೆ. ಬಾಗಿಲನ್ನು ಮೆಲ್ಲನೆ ತಟ್ಟಿ ಒಳಗೆ ಹೋಗಿ ಕುಳಿತುಕೊಳ್ಳಿರಿ. ಮಟ್ಟು ಮುಗಿಯುವ ತನಕ ಮಾತಾಡದೆ ಕೇಳಿರಿ. ಆಮೇಲೆ ಮಟ್ಟಿನ ವಿಚಾರಕ್ಕಿಂತ ಮೊದಲು ಮಗಳನ್ನೇ ಕುರಿತು, "ಹೇಗಿದ್ದೀಯಮ್ಮಾ?" ಎಂದು ಕೇಳಿರಿ. ಅವಳು ಕ್ಷೇಮವಾಗಿದ್ದರೆ, ಆ ನಿಧಾನವಾದ ಮಟ್ಟು ಏಳಿಗೆಯೇ ಸರಿ. ಕ್ಷೇಮವಾಗಿಲ್ಲದಿದ್ದರೆ, ಅದನ್ನು ನಿಮಗೆ ತಿಳಿಸಿದ ಆ ಮಟ್ಟಿಗೆ ನೀವು ಕೃತಜ್ಞರಾಗಿರಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಿಗೂ ಒಂದು ಮಾತು. ಒಂಬತ್ತನೆಯ ತರಗತಿಯಲ್ಲಿ ಕಲಿತ ಹಾಡನ್ನು ನಾವು ಕೂಟಗಳಲ್ಲಿ ಇಂದಿಗೂ ಅದೇ ರೀತಿ ಹಾಡುತ್ತೇವೆ. ಅದು ಸಂತೋಷವೇ. ಆದರೆ ಆ ತರುವಾಯ ಮನೆ, ಮಕ್ಕಳು, ಉದ್ಯೋಗ ಎಂದು ಪೆಟ್ಟಿಗೆಯನ್ನು ಮುಚ್ಚಿಟ್ಟವರು ನಮ್ಮಲ್ಲಿ ಎಷ್ಟು ಮಂದಿ! ನಮ್ಮ ಬಾಳು ಬಲಿಯಿತು, ದನಿಗೆ ಮಾತ್ರ ಬಲಿಯಲು ನಾವು ಎಡೆಗೊಡಲಿಲ್ಲ. ಆ ಪೆಟ್ಟಿಗೆಯ ಧೂಳನ್ನು ಒರಸುವುದಕ್ಕೆ ಇನ್ನೂ ಹೊತ್ತು ಮೀರಿಲ್ಲ.

2022ರ ಮೇ ತಿಂಗಳಲ್ಲಿ ಆಂಡ್ರೂ ಫ್ಲೆಚರನು ತೀರಿಕೊಂಡನು. ಉಳಿದ ಇಬ್ಬರು, ಗೋರನೂ ಗಾಹನನೂ, ಅರುವತ್ತು ತುಂಬಿದವರಾಗಿ 2023ರಲ್ಲಿ ಮರಣದ ಸ್ಮರಣೆಯನ್ನೇ ಹೆಸರಾಗಿ ಉಳ್ಳ 'ಮೆಮೆಂಟೊ ಮೋರಿ' ಎಂಬ ಸಂಪುಟವನ್ನು ಹೊರತಂದು ದೇಶದೇಶಗಳನ್ನು ಸುತ್ತಿ ಹಾಡಿದರು. ಅಂಥ ಗಂಭೀರವಾದ ಹಾಡುಗಳ ನಡುವೆಯೂ, ಸಭೆಯ ಕಡೆಯಲ್ಲಿ, 1981ರ ಆ ಎಳೆಯ ಹಾಡನ್ನು ಅವರು ನಾಚದೆ ಹಾಡಿದರು. ನೆರೆದವರೂ ಕೂಡಿ ಹಾಡಿದರು. ಬಲಿತ ದನಿಯು ತನ್ನ ಎಳೆಯ ದನಿಯನ್ನು ಅಲ್ಲಗಳೆಯಲಿಲ್ಲ. ನಮ್ಮ ಹೆಣ್ಣುಮಕ್ಕಳ ದನಿಗೂ ಅಂಥ ದಿನವು ಬರಬೇಕಾದರೆ, ಇಂದು ಅವರ ಕೋಣೆಯಿಂದ ಕೇಳಿಬರುವ ಮಟ್ಟನ್ನು ನಾವು ತಡೆಯದಿರಬೇಕು.