ಟ್ಯಾಬ್ಲೆಟ್ ಬದಲಿಸಿ ಎಂದವರಿಗೆ

2018ರ ನನ್ನ ಐಪ್ಯಾಡ್ ಇನ್ನೂ ಕೆಲಸ ಮಾಡುತ್ತಿದೆ, ಹೊಸದು ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಅದು ಜಗಳ ಎಬ್ಬಿಸುವ ಮಾತೆಂದು ನನಗೆ ಹೊಳೆದೇ ಇರಲಿಲ್ಲ. ಬಂದ ಪತ್ರಗಳನ್ನು ಓದಿದರೆ, ನಾನು ಹಳೆಯ ಟ್ಯಾಬ್ಲೆಟ್ ಇಟ್ಟುಕೊಂಡಿಲ್ಲ, ಮನೆಯ ಕತ್ತಲೆ ಕೋಣೆಯಲ್ಲಿ ಯಾರನ್ನೋ ಕೂಡಿಹಾಕಿ ಉಪವಾಸ ಕೆಡವಿದ್ದೇನೆ ಎನ್ನುವಂತಿದೆ. ಬರೆದವರಲ್ಲಿ ಎಂಜಿನಿಯರುಗಳಿದ್ದಾರೆ, ಮೇಷ್ಟರಿದ್ದಾರೆ, ಮೊಬೈಲ್ ಅಂಗಡಿ ಇಟ್ಟವರೊಬ್ಬರೂ ಇದ್ದಾರೆ. ಪತ್ರದ ಖರ್ಚಿಲ್ಲದೆ ಊಟದ ಹೊತ್ತಿಗೆ ವಾದ ಹೂಡುವ ನನ್ನ ಅಳಿಯ ಬೇರೆ. ಅವರ ಮಾತುಗಳಿಗೆ ಒಂದೊಂದಾಗಿ ಉತ್ತರ ಹೇಳುತ್ತೇನೆ. ಒಪ್ಪಬೇಕಾದದ್ದನ್ನು ಒಪ್ಪಿಯೂ ಬಿಡುತ್ತೇನೆ.

ಹೆಚ್ಚಿನವರು ಹಿಡಿದಿರುವುದು ವೇಗದ ಮಾತನ್ನೇ. “ನಿಮ್ಮದರಲ್ಲಿರುವ ಎ10 ಚಿಪ್ 2016ರ ಐಫೋನ್ 7ಕ್ಕೆಂದು ಮಾಡಿದ್ದು. 2025ರ ಮಾರ್ಚ್‌ನಲ್ಲಿ ಬಂದ ಐಪ್ಯಾಡ್‌ನಲ್ಲಿ ಎ16 ಇದೆ. ಎರಡನ್ನೂ ಹೋಲಿಸುವುದೇ ತಪ್ಪು” ಎಂದಿದ್ದಾರೆ ಒಬ್ಬರು. ನಿಜ, ಹೊಸ ಚಿಪ್ಪು ಎರಡು ಪಟ್ಟಿಗಿಂತ ಹೆಚ್ಚು ಚುರುಕು. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಚುರುಕು ನನ್ನ ಕೆಲಸದ ಯಾವ ಭಾಗಕ್ಕೆ ಹೋಗಿ ಸೇರುತ್ತದೆ?

ನಾನು ಮಾಡುವುದು ಕರಡು ತಿದ್ದುವ ಕೆಲಸ. ಪ್ರಕಾಶಕರು ಪಿಡಿಎಫ್ ಕಳಿಸುತ್ತಾರೆ, ನಾನು ಟ್ಯಾಬ್ಲೆಟ್‌ನ ಪೆನ್ಸಿಲ್ ಹಿಡಿದು ಮಹಾಪ್ರಾಣ ಬಿಟ್ಟುಹೋದಲ್ಲಿ, ಅರ್ಕಾವತ್ತು ತಪ್ಪಿದಲ್ಲಿ ಗುರುತು ಹಾಕುತ್ತೇನೆ. ಒಂದು ಪುಟ ಓದಿ ತಿದ್ದಲು ನನಗೆ ನಾಲ್ಕೈದು ನಿಮಿಷ ಬೇಕು. ಪುಟ ಮಗುಚಲು ಟ್ಯಾಬ್ಲೆಟ್‌ಗೆ ಬೇಕಾದದ್ದು ಹೆಚ್ಚೆಂದರೆ ಒಂದು ಸೆಕೆಂಡು. ಹೊಸದು ಅದನ್ನು ಕಾಲು ಸೆಕೆಂಡಿಗೆ ಇಳಿಸಿಕೊಟ್ಟರೂ ಇನ್ನೂರು ಪುಟದ ಪುಸ್ತಕಕ್ಕೆ ಉಳಿಯುವುದು ಎರಡೂವರೆ ನಿಮಿಷ. ಅಷ್ಟು ಹೊತ್ತನ್ನು ನಾನು ಕನ್ನಡಕ ಹುಡುಕುವುದರಲ್ಲೇ ಕಳೆಯುತ್ತೇನೆ.

ಕಂಪ್ಯೂಟರ್ ಕಲಿತವರಿಗೆ ಇದು ಹೊಸ ಮಾತಲ್ಲ. ಒಂದು ಕೆಲಸದ ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ, ವೇಗಗೊಳ್ಳದೆ ಉಳಿದ ಭಾಗವೇ ಒಟ್ಟು ಸಮಯಕ್ಕೆ ಗಡಿ ಹಾಕುತ್ತದೆ ಎಂಬ ತರ್ಕವನ್ನು ಜೀನ್ ಆಮ್ಡಾಲ್ 1967ರಲ್ಲೇ ಮುಂದಿಟ್ಟರು. ಆಮ್ಡಾಲ್ ಬೇಡವೆಂದರೆ ನಮ್ಮ ಮೈಸೂರಿನವರನ್ನೇ ಕೇಳಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಹೆದ್ದಾರಿ ಉದ್ಘಾಟನೆಯಾಯಿತು, ಒಂದೂವರೆ ಗಂಟೆಯಲ್ಲಿ ಬೆಂಗಳೂರು ಎಂದರು. ಸರಿ, ಕೆಂಗೇರಿಯವರೆಗೆ ಬಂದೆವು. ಆಮೇಲೆ? ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಯಾವ ಕಾರಾದರೂ ಒಂದೇ. ನನ್ನ ಕೆಲಸದಲ್ಲಿ ಕೆಂಗೇರಿಯಿಂದಾಚೆ ಇರುವುದು ನನ್ನ ಕಣ್ಣು.

ಇದಕ್ಕೆ ಅಳಿಯ ಸಾಕ್ಷಿ ಸಮೇತ ಬಂದ. “ನೋಡಿ ಮಾವ, ಪೇಪರ್ ಓದೋಕೆ ಹೋದ್ರೆ ತಿರುಗ್ತಾನೇ ಇದೆ. ಇದಕ್ಕೂ ನಿಮ್ಮ ಕಣ್ಣೇ ಕಾರಣಾನಾ?” ತಿರುಗುತ್ತಿದ್ದುದು ಸುಳ್ಳಲ್ಲ. ಹಿತ್ತಲ ಕಡೆಯ ಕೋಣೆಯಲ್ಲಿ ಕೂತು ದಿನಪತ್ರಿಕೆಯ ಪುಟ ತೆರೆದರೆ ಪರದೆ ಬೆಳ್ಳಗೆ ನಿಂತುಬಿಡುತ್ತಿತ್ತು. “ನಿನ್ನದನ್ನೂ ತಾರಪ್ಪ” ಎಂದೆ. ಹೋದ ವರ್ಷ ಕೊಂಡ ಅವನ ಟ್ಯಾಬ್ಲೆಟ್ ಬಂತು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಒಂದೇ ಪುಟ ತೆರೆದೆವು. ಎರಡೂ ತಿರುಗಿದವು.

ವೈಫೈ ರೂಟರ್ ನಡುಮನೆಯಲ್ಲಿ ಕಬ್ಬಿಣದ ಬೀರುವಿನ ಹಿಂದಿತ್ತು. ವೈರು ಕಾಣಬಾರದು, ನೋಡಲು ಚೆನ್ನಾಗಿರುವುದಿಲ್ಲ ಎಂದು ಅಲ್ಲಿಡಿಸಿದ್ದು ನಮ್ಮ ಮನೆಯವರು. ಲೋಹದ ಹಾಳೆ ರೇಡಿಯೋ ಅಲೆಗೆ ಗೋಡೆಗಿಂತ ದೊಡ್ಡ ಅಡ್ಡಿ. ಸಾಲದ್ದಕ್ಕೆ ಎರಡೂ ಟ್ಯಾಬ್ಲೆಟ್‌ಗಳು 5 ಗಿಗಾಹರ್ಟ್ಸ್ ಜಾಲಕ್ಕೆ ಅಂಟಿಕೊಂಡಿದ್ದವು. ಅದು ಹತ್ತಿರದಲ್ಲಿದ್ದರೆ ವೇಗದ್ದು, ಎರಡು ಗೋಡೆ ದಾಟಬೇಕೆಂದರೆ 2.4ರಷ್ಟು ಕಸುವಿಲ್ಲ. ರೂಟರನ್ನು ಬೀರುವಿನ ತಲೆಯ ಮೇಲಕ್ಕೆ ಏರಿಸಿದೆವು. ಪತ್ರಿಕೆ ತೆರೆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ, ಒಮ್ಮೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ಅಳಿಯನ ಟ್ಯಾಬ್ಲೆಟ್ ಆಗಲೂ ನನ್ನದಕ್ಕಿಂತ ಒಂದು ಹೆಜ್ಜೆ ಮುಂದಿತ್ತು ಎಂಬುದನ್ನು ಅವನ ಸಮಾಧಾನಕ್ಕಾಗಿ ಇಲ್ಲಿ ದಾಖಲಿಸಿದ್ದೇನೆ.

“ವೆಬ್‌ಪುಟಗಳೇ ದಿನದಿನಕ್ಕೆ ಭಾರವಾಗುತ್ತಿವೆ, ಯಂತ್ರವೂ ಬಲವಾಗಬೇಡವೇ?” ಎಂಬ ಪ್ರಶ್ನೆ ಬೇರೊಬ್ಬರದು. ಯಂತ್ರಾಂಶ ವೇಗವಾಗುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು ಕಂಪ್ಯೂಟರ್ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ಬರೆದಿದ್ದರು. ಹಾಗಿರುವಾಗ ಹೊಸ ಟ್ಯಾಬ್ಲೆಟ್ ಕೊಂಡು ಈ ಓಟದಲ್ಲಿ ಗೆಲ್ಲುತ್ತೇನೆಂದು ಹೊರಡುವುದು ನನ್ನಂಥವನಿಗೆ ಆಗುವ ಮಾತಲ್ಲ. ತಾನಾಗಿ ಓಡುವ ಜಾಹೀರಾತು ವಿಡಿಯೋಗಳನ್ನು ತಡೆಯುವ ಪುಟ್ಟ ಆ್ಯಪ್ ಹಾಕಿಕೊಂಡೆ. ಪುಟಗಳು ಹಗುರಾದವು.

ಈಗ ಒಪ್ಪಿಗೆಯ ಮಾತು. ದಾವಣಗೆರೆಯ ಮೇಷ್ಟರೊಬ್ಬರು ಚಿಪ್ಪಿನ ಗೋಜಿಗೇ ಹೋಗದೆ “ನಿಮ್ಮದರ ರ‍್ಯಾಮ್ ಎಷ್ಟು?” ಎಂದಷ್ಟೇ ಕೇಳಿದ್ದಾರೆ. ಬಾಣ ನಾಟುವ ಕಡೆಗೇ ನಾಟಿದೆ. ಎರಡು ಜಿಬಿ, ಮೇಷ್ಟರೇ. ಕರಡು ತೆರೆದಿಟ್ಟು, ಒಂದು ಪದಕ್ಕೆ ನಿಘಂಟು ನೋಡಿ, ನಡುವೆ ಮಿಂಚಂಚೆಗೆ ಇಣುಕಿ ಬಂದರೆ ನಿಘಂಟಿನ ಪುಟ ಮೊದಲಿನಿಂದ ತೆರೆಯಲು ಶುರುಮಾಡುತ್ತದೆ. ಹಿಂದಿನದನ್ನು ನೆನಪಿಟ್ಟುಕೊಳ್ಳಲು ಅದಕ್ಕೆ ಜಾಗವಿಲ್ಲ. ದಿನಕ್ಕೆ ಹತ್ತು ಬಾರಿ ಹೀಗಾಗುತ್ತದೆ, ಹತ್ತು ಬಾರಿಯೂ ನಾನು ಗೊಣಗುತ್ತೇನೆ. ಹೊಸದರಲ್ಲಿ ಆರು ಜಿಬಿ ಇದೆ, ಈ ಗೊಣಗಾಟ ಇರುವುದಿಲ್ಲ. ನನ್ನ ಸಂಗ್ರಹ 32 ಜಿಬಿಯೆಂದರೆ ಹೊಸದರದ್ದು ಕಡಿಮೆಯೆಂದರೂ 128. ಇದಕ್ಕೂ ನನ್ನ ಬಳಿ ಉತ್ತರವಿಲ್ಲ. ಅಚ್ಚಾಗಿ ಮಾರಾಟವೂ ಆಗಿಹೋದ ಪುಸ್ತಕಗಳ ಕರಡುಗಳನ್ನು ಅಳಿಸಿದಾಗ ಹತ್ತು ಜಿಬಿ ಖಾಲಿಯಾಯಿತು ಎಂದಷ್ಟೇ ಹೇಳಬಲ್ಲೆ. ನಿಮ್ಮ ಮಗಳು ಅದರಲ್ಲಿ ಚಿತ್ರ ಬರೆಯುವವಳಾದರೆ, ಮಗ ವಿಡಿಯೋ ಕತ್ತರಿಸಿ ಅಂಟಿಸುವವನಾದರೆ, ನನ್ನ ಮಾತು ಕೇಳಬೇಡಿ, ಕೊಡಿಸಿಬಿಡಿ. ಅವರ ಕೆಲಸದಲ್ಲಿ ಕಾಯಿಸುವುದು ಯಂತ್ರವೇ, ಕಣ್ಣಲ್ಲ.

ಭದ್ರತೆಯ ಬಗ್ಗೆ ಬಂದ ಪತ್ರದ ಧಾಟಿ ಸ್ವಲ್ಪ ಗದರಿಕೆಯದು. “2024ರಲ್ಲಿ ಐಪ್ಯಾಡ್ಓಎಸ್ 18 ಬಂದಾಗಲೇ ನಿಮ್ಮದನ್ನು ಪಟ್ಟಿಯಿಂದ ಕೈಬಿಟ್ಟರು. ಬಾಗಿಲು ತೆರೆದ ಮನೆಯಲ್ಲಿ ಮಲಗಿದ್ದೀರಿ.” ಇಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ. ಹೊಸ ಆವೃತ್ತಿ ನಿಲ್ಲುವುದು ಒಂದು, ದುರಸ್ತಿ ನಿಲ್ಲುವುದು ಇನ್ನೊಂದು. 2025ರ ಆಗಸ್ಟ್‌ನಲ್ಲಿ ಚಿತ್ರಗಳ ಕಡತದ ಮೂಲಕ ಒಳನುಗ್ಗಬಹುದಾದ ಒಂದು ಲೋಪ ಪತ್ತೆಯಾದಾಗ, ಆ್ಯಪಲ್ ನನ್ನ ಮಾದರಿಗೂ 17.7.10 ಎಂಬ ದುರಸ್ತಿ ಕಳಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 2014ರ ಐಪ್ಯಾಡ್ ಏರ್ 2ಕ್ಕೂ 15.8.5 ಬಂತು. ಹನ್ನೊಂದು ವರ್ಷದ ಮನೆಗೂ ಬೀಗ ರಿಪೇರಿಗೆ ಬಂದರು ಎಂದಾಯಿತು.

ಆದರೂ ಪತ್ರದ ಅರ್ಧ ಸರಿ. ಹಳೆಯದಕ್ಕೆ ಎಲ್ಲ ಲೋಪಗಳೂ ಸರಿಯಾಗುವುದಿಲ್ಲ, ದೊಡ್ಡವಕ್ಕಷ್ಟೇ ಮದ್ದು. ಅದೂ ಒಂದು ದಿನ ನಿಲ್ಲುತ್ತದೆ. ಅದಕ್ಕೇ ನನ್ನ ಟ್ಯಾಬ್ಲೆಟ್‌ನಲ್ಲಿ ಬ್ಯಾಂಕೂ ಇಲ್ಲ, ಯುಪಿಐ ಕೂಡ ಇಲ್ಲ. ಇನ್ನೊಂದು ಮಾತು: ಇದು ಐಪ್ಯಾಡಿನ ಕಥೆ. ಅಗ್ಗದ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಎರಡನೆಯ ವರ್ಷಕ್ಕೇ ದುರಸ್ತಿ ನಿಂತುಹೋಗುವ ಮಾಲು ಬೇಕಾದಷ್ಟಿದೆ. ಅಂಥದ್ದನ್ನು ಕೈಯಲ್ಲಿಟ್ಟುಕೊಂಡು ನನ್ನ ಲೇಖನ ತೋರಿಸಿ ಮನೆಯಲ್ಲಿ ವಾದ ಗೆಲ್ಲಬೇಡಿ. ಯುರೋಪಿನವರು ಈ ರೋಗಕ್ಕೆ ಕಾನೂನನ್ನೇ ಮಾಡಿದ್ದಾರೆ. 2025ರ ಜೂನ್ 20ರಿಂದ ಅಲ್ಲಿ ಫೋನು, ಟ್ಯಾಬ್ಲೆಟ್ ಮಾರುವವರು ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ನವೀಕರಣ ಕೊಡಬೇಕು. ನಮ್ಮಲ್ಲೂ ಅಂಥದ್ದೊಂದು ಬಂದರೆ ನಾನೂ ಅಳಿಯನೂ ಒಂದೇ ಪಕ್ಷದಲ್ಲಿರುತ್ತೇವೆ.

“ಕನ್ನಡಕ್ಕಾಗಿಯಾದರೂ ಹೊಸದು ತಗೊಳ್ಳಿ, ಹಳೆಯದರಲ್ಲಿ ಕನ್ನಡ ಸರಿ ಬರುವುದಿಲ್ಲ” ಎಂದವರಿಗೆ ಸ್ವಲ್ಪ ನಿಧಾನವಾಗಿಯೇ ಉತ್ತರಿಸಬೇಕು. ಆ ನೋವು ನನಗೆ ಗೊತ್ತು. 2011ರ ಸುಮಾರಿಗೆ ನಮ್ಮ ಮನೆಗೆ ಒಂದು ಅಗ್ಗದ ಆಂಡ್ರಾಯ್ಡ್ ಟ್ಯಾಬ್ಲೆಟ್ ಬಂದಿತ್ತು. ಅದರಲ್ಲಿ “ಅಕ್ಕ” ಎಂಬುದು “ಅಕ್‌ಕ” ಎಂದು ಮೂಡುತ್ತಿತ್ತು. ಒತ್ತಕ್ಷರ ಕೆಳಗಿಳಿಯಲು ಒಪ್ಪದೆ ಪಕ್ಕದಲ್ಲಿ ನಿಂತಿರುತ್ತಿತ್ತು. ಜೀವಮಾನವೆಲ್ಲ ಪ್ರೂಫ್ ನೋಡಿದವನಿಗೆ ಅದನ್ನು ಓದುವುದೆಂದರೆ ಕಲ್ಲು ಸಿಕ್ಕುವ ಅನ್ನ ಉಂಡಂತೆ. ಅದು ಸರಿಹೋದದ್ದು ಯಾವುದರಿಂದ? 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರ ಜೋಡಣೆಗೆ ಬೆಂಬಲ ಸೇರಿಸಿದ್ದರಿಂದ. ಚಿಪ್ಪು ಹತ್ತು ಪಟ್ಟು ವೇಗವಾಗಿದ್ದರೂ ಹಳೆಯ ತಂತ್ರಾಂಶವೇ ಇದ್ದಿದ್ದರೆ “ಅಕ್‌ಕ” ಹತ್ತು ಪಟ್ಟು ಬೇಗ ಮೂಡುತ್ತಿತ್ತು, ಅಷ್ಟೆ. ಐಪ್ಯಾಡ್‌ಗೆ ಆ್ಯಪಲ್‌ನ ಸ್ವಂತ ಕನ್ನಡ ಕೀಲಿಮಣೆ ಸಿಕ್ಕಿದ್ದು 2017ರ ಐಓಎಸ್ 11ರಲ್ಲಿ. ಅದು 2013ರ ಮೊದಲ ಐಪ್ಯಾಡ್ ಏರ್‌ಗೂ ಬಂತು, ನಾಲ್ಕು ವರ್ಷದ ಹಳೆಯ ಯಂತ್ರ ಒಂದು ರಾತ್ರಿಯಲ್ಲಿ ಕನ್ನಡ ಕಲಿಯಿತು. ಐಪ್ಯಾಡ್ 2 ಇಟ್ಟುಕೊಂಡಿದ್ದವರಿಗೆ ಮಾತ್ರ ಆ ಭಾಗ್ಯವಿರಲಿಲ್ಲ, ಅದು 9ನೇ ಆವೃತ್ತಿಯಲ್ಲೇ ನಿಂತುಹೋಗಿತ್ತು. ಅವರು ಆಗ ಹೊಸದು ಕೊಂಡಿದ್ದರೆ ಅದು ಸರಿಯಾದ ಕಾರಣಕ್ಕೆ ಮಾಡಿದ ಖರ್ಚು. ನನ್ನದರಲ್ಲಿ ಕೀಲಿಮಣೆಯೂ ಇದೆ, ಒತ್ತಕ್ಷರಗಳೂ ತಮ್ಮ ಜಾಗದಲ್ಲಿವೆ.

ಅಂಗಡಿಯವರ ವಾದ ವ್ಯಾಪಾರಸ್ಥರಿಗೆ ತಕ್ಕದ್ದು: “ಈಗ ಎಕ್ಸ್‌ಚೇಂಜಿಗೆ ಕೊಟ್ಟರೆ ನಾಲ್ಕು ಕಾಸು ಸಿಗುತ್ತೆ ಸಾರ್, ಇನ್ನೊಂದು ವರ್ಷ ಬಿಟ್ಟರೆ ಅದೂ ಇಲ್ಲ.” ಸಿಗುವುದು ನಾಲ್ಕೇ ಕಾಸು ಎಂದು ಅವರೇ ಹೇಳಿದ ಮೇಲೆ ನಾನು ಹೇಳುವುದೇನಿದೆ? ನಾನು ಕೊಂಡಾಗ ಇದರ ಪಟ್ಟಿ ಬೆಲೆ 28,000 ರೂಪಾಯಿ. ಹೊಸದು ಬಿಡುಗಡೆಯಾದದ್ದು 34,900ಕ್ಕೆ. ಅದಕ್ಕೆ ಅಳತೆ ಬೇರೆ, ಹಳೆಯ ಕವರ್ ಕೂರುವುದಿಲ್ಲ. ತೂತು ಬೇರೆ, ಹಳೆಯ ಚಾರ್ಜರ್ ವೈರು ಹೋಗುವುದಿಲ್ಲ. ನನ್ನ ಪೆನ್ಸಿಲ್ ನಡೆಯುತ್ತದೆ, ಆದರೆ ಜೋಡಿಸಲು ಒಂದು ಅಡಾಪ್ಟರ್ ಕೊಳ್ಳಬೇಕು. ಇಯರ್‌ಫೋನ್ ಸಿಕ್ಕಿಸುವ ತೂತಂತೂ ಇಲ್ಲವೇ ಇಲ್ಲ, ಬೆಳಗಿನ ಸುಬ್ಬುಲಕ್ಷ್ಮಿಗೆ ಬೇರೆ ದಾರಿ ಹುಡುಕಬೇಕು. ಹೊಸ ಸೊಸೆ ಬಂದಳೆಂದು ಮನೆಯ ಪಾತ್ರೆಯನ್ನೆಲ್ಲ ಬದಲಿಸಿದ ಕಥೆ ಇದು.

ಬ್ಯಾಟರಿಯ ಪ್ರಶ್ನೆಯೇ ನಿಜವಾದ ಗಡುವು ಎಂದು ನನಗೂ ಅನ್ನಿಸುತ್ತದೆ. ಪೂರ್ಣ ಪ್ರಮಾಣದ ಸಾವಿರ ಚಾರ್ಜಿನ ಹೊತ್ತಿಗೆ ಮೊದಲಿನ ಶಕ್ತಿಯಲ್ಲಿ ಶೇಕಡಾ 80 ಉಳಿಯುವಂತೆ ಇದನ್ನು ರೂಪಿಸಿದ್ದೇವೆ ಎಂಬುದು ತಯಾರಕರ ಹೇಳಿಕೆ. ನನ್ನದು ಆ ಗಡಿ ದಾಟಿರಬೇಕು. ಬೆಳಿಗ್ಗೆ ತುಂಬಿಸಿದರೆ ಸಂಜೆಯ ಕಾಫಿಗೆ ಕೆಂಪು ತೋರಿಸುತ್ತದೆ. ಬ್ಯಾಟರಿಯನ್ನು ಒಳಗೆ ಗೋಂದಿನಿಂದ ಅಂಟಿಸಿರುವುದರಿಂದ ಬೀದಿ ಕೊನೆಯ ಹುಡುಗನ ಕೈಗೆ ಕೊಡಲು ಧೈರ್ಯವಿಲ್ಲ. ಸದ್ಯ ಮೇಜಿನ ಪಕ್ಕ ಪ್ಲಗ್ ಇದೆ. ನಾನೂ ಮೊದಲಿನಂತೆ ಹೊರಗೆ ಓಡಾಡುವುದಿಲ್ಲ, ಅದೂ ಓಡಾಡುವುದಿಲ್ಲ.

“ಹೊಸ ಚಿಪ್ಪು ಕಡಿಮೆ ವಿದ್ಯುತ್ ಉಣ್ಣುತ್ತದೆ, ಪರಿಸರಕ್ಕೂ ಒಳ್ಳೆಯದು” ಎಂಬ ವಾದ ಓದಿ ನಗು ಬಂತು. ಟ್ಯಾಬ್ಲೆಟ್‌ನ ಆಯುಷ್ಯದ ಇಂಗಾಲದ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಬಿದ್ದಿರುತ್ತದೆ. ಚಾರ್ಜಿನಲ್ಲಿ ಉಳಿಸಿ ಅದನ್ನು ತೀರಿಸುತ್ತೇನೆನ್ನುವುದು ಚಿನ್ನದ ಕೊಡ ಕೊಂಡು ನೀರು ಉಳಿಸಿದ ಲೆಕ್ಕ. 2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ದಾಖಲೆಯ ಪ್ರಕಾರ ಶೇಕಡಾ 22.3 ಎಂದು ವಿಶ್ವಸಂಸ್ಥೆಯ ವರದಿಯಿದೆ. ಹಾಗೆಂದು ನಾನು ಭೂಮಿ ಉಳಿಸಲು ಹಳೆಯದನ್ನು ಇಟ್ಟುಕೊಂಡಿದ್ದೇನೆ ಎಂದರೆ ಮನೆಯಲ್ಲೇ ಯಾರೂ ನಂಬುವುದಿಲ್ಲ.

ಅವರು ನಂಬಿರುವುದು ಕೊನೆಯ ಆಪಾದನೆಯನ್ನು. ಮಗಳು ಫೋನಿನಲ್ಲಿ ನೇರವಾಗಿಯೇ ಹೇಳಿದಳು: “ಅಪ್ಪ, ಇದೆಲ್ಲ ಸುಮ್ನೆ. ನೀನು ಜಿಪುಣ.” ಈ ಒಂದಕ್ಕೆ ನಾನು ಪ್ರತ್ಯುತ್ತರ ಸಿದ್ಧಪಡಿಸಿಲ್ಲ. ಬದಲಿಗೆ ಅವಳಿಗೊಂದು ಪಟ್ಟಿ ಕಳಿಸಿದ್ದೇನೆ. ಪ್ರಕಾಶಕರು ಕಳಿಸುವ ಪಿಡಿಎಫ್ ತೆರೆಯದಿದ್ದರೆ, ಪೆನ್ಸಿಲ್ ಗೆರೆ ಬೆರಳಿಗಿಂತ ಹಿಂದೆ ಬಿದ್ದರೆ, ದುರಸ್ತಿ ಬರದೆ ಒಂದು ವರ್ಷ ಕಳೆದರೆ, ಪ್ಲಗ್ ತೆಗೆದ ಅರ್ಧ ಗಂಟೆಗೆ ಆರಿಹೋದರೆ ಕೊಳ್ಳುತ್ತೇನೆ, ದುಡ್ಡು ತೆಗೆದಿಟ್ಟಿದ್ದೇನೆ ಎಂದು. ಅವಳು ಆ ಪಟ್ಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳಂತೆ. ಅಳಿಯ ಪ್ರತಿ ಭಾನುವಾರ ಬಂದು ನನ್ನ ಟ್ಯಾಬ್ಲೆಟ್‌ನ ಪ್ಲಗ್ ಕಿತ್ತು, ಗಡಿಯಾರ ನೋಡುತ್ತಾ ಕೂರುತ್ತಾನೆ. ಹೋದ ವಾರ ಎರಡು ಗಂಟೆ ಹತ್ತು ನಿಮಿಷ ಬಂತು.